ಇಲ್ಲದ ಬಿರುಕು

ಗ್ರಾಮಫೋನ್ ರೆಕಾರ್ಡನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಸಾಕು, ಹಾಡಿದವರಿಗೆ ಆ ದಿನ ನೆಗಡಿ ಇತ್ತೋ ಇಲ್ಲವೋ ಎಂದೂ ಹೇಳಬಲ್ಲೆ ನಾನು.

ಶಂಕರಪುರದಲ್ಲಿ ಮಲ್ಲಿಗೆ ಕಟ್ಟುವ ಗಿರಿಜಕ್ಕನ ಮನೆಯಲ್ಲಿ ತುಳು ಪಾಡ್ದನದ ಹಳೆಯ ರೆಕಾರ್ಡು ಉಂಟೆಂದು ತಿಳಿದು ಕಾಪುವಿನ ನನ್ನ ಮನೆಯಿಂದ ಓಡಿದೆ. ನನ್ನಂತೆಯೇ ರೆಕಾರ್ಡು ಕೂಡಿಸುವ ಪರ್ಕಳದ ಭಟ್ಟರು ಜಗಲಿಯಲ್ಲಿ ಮೊದಲೇ ಕೂತಿದ್ದರು. ರೆಕಾರ್ಡು ಅವರ ತೊಡೆಯ ಮೇಲಿತ್ತು.

"ನೀವು ಪಳಗಿದವರಲ್ವಾ, ಹೇಗುಂಟು ನೋಡಿ," ಎಂದು ಭಟ್ಟರು ನನ್ನ ಕೈಗಿತ್ತರು.

ಒಂದು ಗೀರೂ ಇರಲಿಲ್ಲ. "ಛೇ, ಅಂಚಿನಲ್ಲಿ ಬಿರುಕುಂಟು ಮಾರಾಯ್ರೆ! ಮುಳ್ಳು ಇಟ್ಟರೆ ಕಪ್ಪೆ ಕೂಗಿದ ಹಾಗೆ ಕೇಳೀತು," ಎಂದೆ. ಭಟ್ಟರು ಎದ್ದು ಹೋದರೆ ರೆಕಾರ್ಡು ನನ್ನದು.

ಗಿರಿಜಕ್ಕ ಬಾಳೆನಾರು ಕೆಳಗಿಟ್ಟರು. "ಹಾಳಾದದ್ದನ್ನು ಮಾರಿದರೆ ನನಗೆ ಪಾಪ. ಮೊದಲು ಬಂದವರು ಪುಕ್ಕಟೆ ಕೊಂಡುಹೋಗಲಿ."

ಭಟ್ಟರು ರೆಕಾರ್ಡನ್ನು ಮೆಲ್ಲಗೆ ಚೀಲಕ್ಕಿಳಿಸಿದರು. "ನಿಮ್ಮ ಕಣ್ಣೇ ಕಣ್ಣು! ನನಗೆ ಆ ಬಿರುಕು ಕಂಡೇ ಇರಲಿಲ್ಲ."

ಹಾಡು ಕೇಳಲು ಬನ್ನಿ ಎಂದು ಅವರು ಈಗಲೂ ಕರೆಯುತ್ತಾರೆ. ಅಷ್ಟು ದೂರ ಹೋಗುವುದು ಎಂತಕ್ಕೆ? ಪರ್ಕಳದಲ್ಲಿ ಹಾಕಿದರೆ ಕಾಪುವಿನಲ್ಲಿ ಕೇಳುವಷ್ಟು ಚುರುಕು ನನ್ನ ಕಿವಿ.