ಪಾರ್ಕೂರಿಗೆ ಒಂದು ಟಿಕೆಟ್

ಭಾನುವಾರ ಬೆಳಿಗ್ಗೆ ಆರೂವರೆಗೆ ಕನಕಪುರದ ಬಸ್‌ಸ್ಟ್ಯಾಂಡಿನಲ್ಲಿ ನಿಂತಾಗ ಮಾತಾಡಿದರೆ ಬಾಯಿಂದ ಹೊಗೆ ಬರುವಷ್ಟು ಚಳಿ. ಧನುರ್ಮಾಸ ತನ್ನ ಪ್ರತಾಪ ತೋರಿಸುತ್ತಿತ್ತು. ಸೀರೆಯ ಮೇಲೆ ಸ್ವೆಟರ್, ಕಿವಿಗೆ ಮಫ್ಲರ್, ಕೈಯಲ್ಲೊಂದು ಬಟ್ಟೆ ಚೀಲ. ಚೀಲದಲ್ಲಿ ನೀರಿನ ಬಾಟಲು, ಆಧಾರ್ ಕಾರ್ಡು, ಹಳೇ ಪೇಪರಿನಲ್ಲಿ ಸುತ್ತಿದ ಒಂದು ಬಿಳಿ ಬಟ್ಟೆಯ ತುಂಡು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರಾಗಿದ್ದು ಹೋದ ವರ್ಷ ರಿಟೈರಾದವಳು ನಾನು. ಸೀಟಿ ಊದುವ ಚಟ ಬಿಟ್ಟರೂ ಹೊತ್ತಿಗೆ ಮೊದಲೇ ಹೋಗಿ ನಿಲ್ಲುವ ಚಟ ಬಿಟ್ಟಿಲ್ಲ. ಬಸ್ಸು ಬಂದದ್ದು ಏಳಕ್ಕೆ.

ಹೊರಟಿದ್ದು ಪಾರ್ಕೂರು ಎಂಬ ಊರಿಗೆ. ಎಲ್ಲಿದೆ ಅಂತ ಗೊತ್ತಿರಲಿಲ್ಲ. ಚನ್ನಪಟ್ಟಣದಲ್ಲಿರುವ ನನ್ನ ಹಳೇ ಸಹೋದ್ಯೋಗಿ ಸುಶೀಲ ಫೋನಿಗೆ ಒಂದು ವಿಡಿಯೋ ಕಳಿಸಿದ್ದಳು. ಇಪ್ಪತ್ತು ಸೆಕೆಂಡಿನದು. ಕರೀ ಟ್ರ್ಯಾಕ್ ಪ್ಯಾಂಟು, ತಲೆಗೆ ಟೋಪಿ ಹಾಕಿದ ಹೆಂಗಸೊಬ್ಬಳು ಓಡಿ ಬಂದು, ಎದೆಮಟ್ಟದ ಗೋಡೆಗೆ ಬಲಗೈ ಊರಿ, ಆಚೆ ದಾಟಿ ಬೆಕ್ಕಿನಂತೆ ಸದ್ದಿಲ್ಲದೆ ನೆಲಕ್ಕಿಳಿಯುತ್ತಾಳೆ. ಮುಖ ಕಾಣುವುದಿಲ್ಲ. ಕೆಳಗೆ ‘ನಮ್ಮ ಪಾರ್ಕೂರ್, ಮಾಗಡಿ’ ಎಂದಿತ್ತು. ಯಾರು ಕಳಿಸಿದ್ದು ಎಂದು ಕೇಳಿದರೆ ಸುಶೀಲ, "ಯಾವುದೋ ಗ್ರೂಪಲ್ಲಿ ಬಂತು ಕಣೆ, ಗುಡ್ ಮಾರ್ನಿಂಗ್ ಹೂವಿನ ಬದ್ಲು ಇದನ್ನ ಕಳಿಸ್ದೆ" ಅಂದಳು.

ನಾನು ಆ ವಿಡಿಯೋವನ್ನು ನಲವತ್ತು ಸಲವಾದರೂ ನೋಡಿರಬೇಕು. ಮುಖ ಬೇಕಿರಲಿಲ್ಲ, ಎಡಗೈ ಸಾಕಿತ್ತು. ಗೋಡೆ ದಾಟುವಾಗ ಆಕೆ ಎಡಗೈಯ ಎರಡು ಬೆರಳಿನಿಂದ ಪ್ಯಾಂಟನ್ನು ತೊಡೆಯ ಹತ್ತಿರ ಚಿವುಟಿ ಹಿಡಿದಿದ್ದಳು. ಟ್ರ್ಯಾಕ್ ಪ್ಯಾಂಟನ್ನು ಯಾರಾದರೂ ಎತ್ತಿ ಹಿಡಿಯುತ್ತಾರೆಯೆ? ಲಂಗ ಹಾಕಿಕೊಂಡು ಗೋಡೆ ಹಾರಿ ಅಭ್ಯಾಸವಾದವಳು ಮಾತ್ರ ಹಿಡಿಯುತ್ತಾಳೆ. ಹಾಗೆ ಹಾರುತ್ತಿದ್ದ ಒಬ್ಬಳನ್ನು ನಾನು ಬಲ್ಲೆ.

ಅವಳು ಶೋಭ. ಹದಿನೆಂಟು ವರ್ಷದ ಹಿಂದಿನ ಮಾತು. ರಾಮನಗರ ತಾಲ್ಲೂಕಿನ ಒಂದು ಹಳ್ಳಿ ಹೈಸ್ಕೂಲಿನಲ್ಲಿ ಹತ್ತನೇ ಕ್ಲಾಸು. ಅವಳೂರಿನ ಬಸ್ಸು ದಿನಾ ಹತ್ತು ನಿಮಿಷ ಲೇಟು. ಪ್ರಾರ್ಥನೆಗೆ ಮೊದಲು ಗೇಟು ಹಾಕಿಸುತ್ತಿದ್ದವಳು ನಾನು. ಅವಳು ಹಿಂದುಗಡೆಯಿಂದ ಕಾಂಪೌಂಡ್ ಹಾರಿ ಬಂದು ಸಾಲಿನಲ್ಲಿ ನಿಂತುಬಿಡುತ್ತಿದ್ದಳು. ಒಂದು ದಿನ ಕಾದು ಕೂತು ಹಿಡಿದೆ. "ಟೈಮ್ ಎಷ್ಟು?" ಅಂತ ಗದರಿದೆ. ಇಡೀ ಸ್ಕೂಲಿನ ಮುಂದೆ ನಿಲ್ಲಿಸಿ, "ಕಳ್ಳರ ಥರ ಗೋಡೆ ಹಾರೋಳು" ಅಂದೆ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ತಾಲ್ಲೂಕು ಕ್ರೀಡಾಕೂಟದ ಹೈಜಂಪ್ ಪಟ್ಟಿಯಿಂದ ಅವಳ ಹೆಸರನ್ನೂ ಹೊಡೆದುಹಾಕಿದೆ. ಆಮೇಲೆ ಅವಳು ಮೈದಾನಕ್ಕೇ ಇಳಿಯಲಿಲ್ಲ. ರಿಟೈರಾದ ಮೇಲೆ ಬೀರು ಕ್ಲೀನ್ ಮಾಡುವಾಗ ಅವಳಿಗೆಂದು ಬರೆಸಿಟ್ಟಿದ್ದ ಚೆಸ್ಟ್ ನಂಬರ್ ಸಿಕ್ಕಿತು. ಮೂವತ್ತೇಳು. ಒಂದು ಸಲವೂ ಪಿನ್ನು ಚುಚ್ಚದ ಬಟ್ಟೆ. ಅದನ್ನು ನೋಡಿದಾಗ ನನಗೆ ನಾಚಿಕೆಯಾಯಿತು. ಅದನ್ನು ಅವಳ ಕೈಗೆ ಕೊಟ್ಟು ತಪ್ಪಾಯಿತು ಅನ್ನಬೇಕು. ಅವಳು ಮುಖಕ್ಕೆ ಬಾಗಿಲು ಹಾಕಿದರೆ ಹಾಕಿಕೊಳ್ಳಲಿ ಎಂದುಕೊಂಡೇ ಹೊರಟಿದ್ದೆ.

ಕನಕಪುರದಿಂದ ರಾಮನಗರ ಇಪ್ಪತ್ತೈದು ಚಿಲ್ಲರೆ ಕಿಲೋಮೀಟರು. ಮಂಜಿನಲ್ಲಿ ಬೆಟ್ಟಗಳ ಬುಡ ಕಾಣುತ್ತಿರಲಿಲ್ಲ, ತಲೆ ಮಾತ್ರ ಕಾಣುತ್ತಿತ್ತು. ರಾಮನಗರದಲ್ಲಿ ಎರಡು ಇಡ್ಲಿ, ಒಂದು ವಡೆ, ಒಂದು ಕಾಫಿ. ಚಟ್ನಿಗೆ ಉಪ್ಪು ಮುಂದು. ಎಂಟೂಮುಕ್ಕಾಲಿಗೆ ಮಾಗಡಿ ಬಸ್ಸು ಸಿಕ್ಕಿತು. ಕಂಡಕ್ಟರ್ ಹತ್ತಿರ ಬಂದಾಗ ಆಧಾರ್ ಕಾರ್ಡು ತೋರಿಸಿ, "ಪಾರ್ಕೂರಿಗೆ ಒಂದು" ಅಂದೆ. ನಮಗೆಲ್ಲ ಈಗ ಫ್ರೀ ತಾನೆ.

ಆತ ಮೆಷಿನ್ನು ಹಿಡಿದುಕೊಂಡು ನನ್ನನ್ನೇ ನೋಡಿದ. "ಪಾರ್ಕೂರಾ? ಅಂಗೊಂದು ಸ್ಟೇಜೇ ಇಲ್ವಲ್ಲ ಅಮ್ಮಾ."

"ಮಾಗಡಿ ತಾಲ್ಲೂಕಂತೆ ಕಣಪ್ಪ."

"ನಾನು ಉಟ್ಟಿದ್ದೇ ಮಾಗಡಿ ತಾಲ್ಲೂಕಲ್ಲಿ. ಸೋಲೂರೈತೆ, ಕುದೂರೈತೆ. ಪಾರ್ಕೂರಿಲ್ಲ."

ಬಸ್ಸಿಗೆ ಬಸ್ಸೇ ಚರ್ಚೆಗೆ ಇಳಿಯಿತು. ಹಿಂದಿನ ಸೀಟಿನ ಯಜಮಾನರೊಬ್ಬರು ಅದು ಕುಣಿಗಲ್ ಕಡೆ ಇರಬೇಕು ಅಂದರು. ಪಕ್ಕದ ಹೆಂಗಸು ತನ್ನ ನಾದಿನಿಯನ್ನು ಅಲ್ಲಿಗೇ ಕೊಡುವವರಿದ್ದರು, ಹುಡುಗ ಕುಡಿಯುತ್ತಾನೆ ಅಂತ ಬಿಟ್ಟರು ಅಂದಳು! ಕೊನೆಗೆ ಕಂಡಕ್ಟರ್ ತೀರ್ಪು ಕೊಟ್ಟ: "ಬರ್ದೋನು ತಪ್ಪು ಬರ್ದವ್ನೆ. ಅದು ಕುದೂರೇ. ಮಾಗಡೀಲಿ ಇಳ್ದು ಬಸ್ ಅತ್ತಿ." ಊರೂರು ಅಲೆದವನು ಹೇಳಿದ ಮೇಲೆ ನನ್ನದೇನು ಎಂದು ಒಪ್ಪಿಕೊಂಡೆ.

ಮಾಗಡಿ ತಲುಪಿದಾಗ ಹತ್ತು ದಾಟಿತ್ತು. ಬಿಸಿಲು ಬಂದಿತ್ತು, ಜೊತೆಗೆ ಅವರೆಕಾಯಿಯ ಸೊಗಡೂ ಬಂದಿತ್ತು. ಎಲ್ಲಿ ನೋಡಿದರೂ ಅವರೆಕಾಯಿ ಮೂಟೆ. ಕುದೂರಿನ ಬಸ್ಸಿನಲ್ಲಿ ನನಗೆ ಸಿಕ್ಕ ಸೀಟಿನ ಕೆಳಗೂ ಒಂದು ಮೂಟೆ ಇದ್ದು, ಇಪ್ಪತ್ತು ಚಿಲ್ಲರೆ ಕಿಲೋಮೀಟರು ಮಂಡಿ ಎದೆಗೆ ತಾಗಿಸಿಕೊಂಡೇ ಕೂತಿದ್ದೆ.

ಕುದೂರಿನಲ್ಲಿ ಇಳಿದು ಒಂದು ಗಂಟೆ ತಿರುಗಿದೆ. ಹೂವಿನವಳಿಗೆ, ಗೊಬ್ಬರದಂಗಡಿಯವನಿಗೆ, ಆಟೋದವರಿಗೆ ವಿಡಿಯೋ ತೋರಿಸಿದೆ. ಯಾರಿಗೂ ಗೊತ್ತಾಗಲಿಲ್ಲ. ಒಬ್ಬ ಆಟೋದವನು, "ಏನಾದ್ರೂ ಕದ್ಕೊಂಡು ಓಡ್ತಾವ್ಳಾ?" ಅಂತ ಕೇಳಿದ. ನನ್ನ ಹಳೇ ಮಾತೇ ನನಗೆ ವಾಪಸ್ ಬಂದು ಕುಟುಕಿದ ಹಾಗಾಯಿತು. ಹಸಿವೂ ಆಗಿತ್ತು. ಒಂದು ಬೇಕರಿಗೆ ಹೋಗಿ ಬೆಣ್ಣೆ ಬನ್ನು, ಟೀ ತಗೊಂಡು, ಇನ್ನು ಮನೆಗೆ ಹೋಗುವುದೇ ಎಂದುಕೊಳ್ಳುತ್ತ ಕೊನೇ ಪ್ರಯತ್ನವೆಂದು ಬೇಕರಿಯವರಿಗೂ ವಿಡಿಯೋ ತೋರಿಸಿದೆ. ಅವರ ಹೆಸರು ರೇಣುಕಪ್ಪ, ಹಣೆ ತುಂಬ ವಿಭೂತಿ.

ನೋಡಿದ್ದೇ ತಡ, ಗಲ್ಲಾಪೆಟ್ಟಿಗೆಯ ಹಿಂದಿನಿಂದ ಗಹಗಹಿಸಿ ನಕ್ಕರು. "ಅಯ್ಯೋ ಶಿವನೇ! ಪಾರ್ಕೂರು ಊರಲ್ಲ ಕಣಮ್ಮ, ಅದು ಆರೋ ಆಟ! ಗೋಡೆ, ಮೆಟ್ಲು, ಬಂಡೆ, ಏನೇ ಅಡ್ಡ ಬಂದ್ರೂ ಸುತ್ತಾಕ್ಕೊಂಡು ಓಗ್ದೆ ದಾಟೋದು. ನಮ್ ಮಗಳು ತನು ಪ್ರತಿ ಭಾನ್ವಾರ ಓಯ್ತಾಳೆ. ಮಾಗಡೀಲೇ ಐತೆ, ಮುಚ್ಚೋಗಿರೋ ಅಕ್ಕಿ ಮಿಲ್ಲಿನ ಅಂಗಳದಲ್ಲಿ."

ಮಾಗಡಿಯಲ್ಲೇ! ಬೆಳಿಗ್ಗೆ ಬಸ್ಸಿಗೆ ಒಂದು ಗಂಟೆ ಕಾದು ನಿಂತಿದ್ದ ಮಾಗಡಿಯಲ್ಲಿ! ತಲೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

"ಕಲಿಸೋದು ಶೋಭಕ್ಕ," ಅಂದರು ರೇಣುಕಪ್ಪ. "ವಾರವೆಲ್ಲ ಲ್ಯಾಬಲ್ಲಿ ರಕ್ತ ತೆಗ್ಯೋ ಕೆಲ್ಸ, ಭಾನ್ವಾರ ಇದು. ಸ್ಕೂಲಲ್ಲಿ ಯಾರೋ ಟೀಚರ್ರು ಗೋಡೆ ಆರಿದ್ದಕ್ಕೆ ಕಳ್ಳಿ ಅಂದುಬುಟ್ಟಿದ್ರಂತೆ. ಎಂಥಾ ಜನ ಇರ್ತಾರೆ ನೋಡಿ. ನಿಮ್ಗೇನಾಗಬೇಕು ಅವರು?"

ಬನ್ನು ಕೆಳಗಿಟ್ಟು, "ಆ ಟೀಚರ್ರು ನಾನೇ" ಅಂದೆ. ರೇಣುಕಪ್ಪ ಶೋಕೇಸಿನ ಗಾಜು ಒರೆಸಿದರು. ಆಮೇಲೆ, "ಬನ್ನಿ. ಮಾಗಡಿಗೆ ಒಂದು ಕೇಕ್ ಕೊಡೋದೈತೆ, ಬೈಕಲ್ಲೇ ಬುಡ್ತೀನಿ. ಕೇಕ್ ಮಾತ್ರ ನೀವು ಇಡ್ಕೋಬೇಕು" ಅಂದರು. ಹೀಗೆ ನಾನು ತೊಡೆಯ ಮೇಲೆ ಯಾರದೋ ಹುಟ್ಟುಹಬ್ಬದ ಕೇಕ್ ಇಟ್ಟುಕೊಂಡು ಮಾಗಡಿಗೆ ವಾಪಸಾದೆ. ಹಂಪು ಬಂದಾಗಲೆಲ್ಲ ಅವರು, "ಕೇಕು! ಕೇಕು!" ಅನ್ನುತ್ತಿದ್ದರು. ನಾನು ಬಿದ್ದೇನು ಎಂಬ ಯೋಚನೆ ಅವರಿಗಿರಲಿಲ್ಲ.

ಕೇಕ್ ತಲುಪಿಸಿ ಮಿಲ್ಲಿನ ಹತ್ತಿರ ಬಂದಾಗ ಗೇಟಿಗೆ ಬೀಗ. ಪಕ್ಕದ ಗಿಡ್ಡ ಗೋಡೆಯ ಮೇಲಿಂದ ಒಳಗೆ ನೋಡಿದೆ. ಹತ್ತು ಹನ್ನೆರಡು ಮಕ್ಕಳು ಸಾಲಾಗಿ ಓಡಿ ಬಂದು ಒಳಗಿನ ಒಂದು ಕಟ್ಟೆ ಹಾರುತ್ತಿದ್ದರು. ಹುಡುಗಿಯರೂ ಹುಡುಗರೂ. ಬಲಗೈ ಕಟ್ಟೆಯ ಮೇಲೆ, ಎಡಗೈಯಲ್ಲಿ, ದೇವರಾಣೆಗೂ, ಒಬ್ಬರು ಬಿಡದಂತೆ ಎಲ್ಲರೂ ಚಡ್ಡಿ ಪ್ಯಾಂಟುಗಳನ್ನು ಎರಡು ಬೆರಳಲ್ಲಿ ಚಿವುಟಿ ಹಿಡಿದಿದ್ದರು! ನಾನು ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಒಸಿ ಒಸಿ ಮಾಡಿದೆ.

ಟೋಪಿ ಹಾಕಿದ ಹೆಂಗಸು ಗೇಟಿನ ಹತ್ತಿರ ಬಂದಳು. ಮಫ್ಲರ್ ತೆಗೆದೆ. ಗುರುತು ಹಿಡಿದಳು. ಮುಖದಲ್ಲಿ ಏನೂ ಕಾಣಿಸಲಿಲ್ಲ. ಕೈಗಡಿಯಾರ ನೋಡಿಕೊಂಡಳು.

"ಟೈಮ್ ಎಷ್ಟು ಟೀಚರ್?"

ನನ್ನದೇ ಮಾತು, ನನ್ನದೇ ರಾಗ. "ಮೂರೂ ಹತ್ತು" ಅಂದೆ, ತಲೆ ತಗ್ಗಿಸಿ.

"ಮೂರಕ್ಕೆ ಗೇಟ್ ಆಕ್ತೀವಿ. ಲೇಟಾಗಿ ಬಂದೋರು ಗೋಡೆ ಆರ್ಕೊಂಡೇ ಬರ್ಬೇಕು. ಇಲ್ಲಿನ ರೂಲ್ಸು."

ರೇಣುಕಪ್ಪ, "ವಯಸ್ಸಾದೋರು ಶೋಭಕ್ಕ, ಬೀಗ ತೆಗೀರಿ" ಅಂದರು. ನಾನು ಅವರನ್ನು ಸುಮ್ಮನಿರಿಸಿದೆ. ಗೋಡೆ ಸೊಂಟದ ಮಟ್ಟದ್ದು. ಚೀಲವನ್ನು ಅವರ ಕೈಗೆ ಕೊಟ್ಟು, ಚಪ್ಪಲಿ ಬಿಟ್ಟು, ಬಲಗೈ ಊರಿದೆ. ಎಡಗೈ ತನ್ನಷ್ಟಕ್ಕೆ ತಾನೇ ಹೋಗಿ ಸೀರೆಯನ್ನು ಎರಡು ಬೆರಳಲ್ಲಿ ಹಿಡಿಯಿತು. ಹಾರಿದೆ ಅಂದರೆ ಸುಳ್ಳಾದೀತು. ಹತ್ತಿ, ಕೂತು, ಒಂದು ಕಾಲು, ಅಯ್ಯಪ್ಪಾ, ಇನ್ನೊಂದು ಕಾಲು, ಇಳಿದೆ. ಮಕ್ಕಳು ಚಪ್ಪಾಳೆ ತಟ್ಟಿದರು. "ಅಕ್ಕಾ, ಅಜ್ಜೀನೂ ಕರೆಕ್ಟಾಗಿ ಇಡ್ಕೊಂಡವ್ರೆ!" ಎಂದು ಒಬ್ಬಳು ಕೂಗಿದಳು. ಅವಳೇ ತನು ಎಂದು ಆಮೇಲೆ ತಿಳಿಯಿತು.

ಆಗ ಶೋಭ ನಕ್ಕಳು.

ನಾನು ಕಾಯಲಿಲ್ಲ. "ಅವತ್ತು ನಾನು ಮಾಡಿದ್ದು ತಪ್ಪು ಕಣಮ್ಮ. ಬಸ್ಸಿನ ತಪ್ಪಿಗೆ ನಿನ್ನ ಹೆಸರು ಹೊಡೆದೆ. ಎಲ್ಲರ ಮುಂದೆ ಕಳ್ಳಿ ಅಂದೆ, ಅದಕ್ಕೇ ಎಲ್ಲರ ಮುಂದೆ ಹೇಳ್ತಿದೀನಿ" ಅಂದೆ. ಮಕ್ಕಳು ಪಿಳಿಪಿಳಿ ನೋಡಿದರು.

ಶೋಭ ಕಟ್ಟೆಯ ಮೇಲೆ ಕೂತಳು, ನನಗೂ ಜಾಗ ಮಾಡಿದಳು. "ಮರ್ತೋಯ್ತು ಅಂದ್ರೆ ಸುಳ್ಳಾಯ್ತದೆ ಟೀಚರ್. ಬಾಳ ವರ್ಷ ಬೈಕೊಂಡೇ ಓಡಾಡಿದೀನಿ ನಿಮ್ಮನ್ನ. ಆಮೇಲೊಂದಿನ ಫೋನಲ್ಲಿ ಈ ವಿಡಿಯೋಗಳು ಬಂದ್ವು. ಫ್ರಾನ್ಸಲ್ಲಿ, ಪ್ಯಾರಿಸ್ ಪಕ್ಕದ ಊರುಗಳಲ್ಲಿ ಇದನ್ನ ಶುರು ಮಾಡಿದ ಉಡುಗ್ರು. ಅವರಲ್ಲೊಬ್ಬನ ಅಪ್ಪ ಬೆಂಕಿ ಆರ್ಸೋ ಕೆಲ್ಸದೋನಂತೆ. ಜೀವ ಉಳ್ಸಕ್ಕೆ ಗೋಡೆ ಆರೋನು. ಅವ್ನಿಂದ ಮಗ ಕಲ್ತ, ಮಗನಿಂದ ಲೋಕ ಕಲೀತು. ಗೋಡೆ ಆರೋದು ಕಳ್ತನ ಅಲ್ಲ, ಅದಕ್ಕೊಂದು ಎಸ್ರೈತೆ ಅಂತ ಗೊತ್ತಾದ ದಿನ ನಾನು ಅತ್ತುಬುಟ್ಟೆ ಟೀಚರ್."

ನನ್ನ ಕಣ್ಣೂ ತುಂಬಿ ಬಂತು. ಮಾತು ತಿರುಗಿಸಲು, "ಆ ಫ್ರಾನ್ಸಿನವರೂ ಹೀಗೇ ಬಟ್ಟೆ ಹಿಡ್ಕೊಳ್ತಾರಾ?" ಅಂದೆ.

"ಇವಳೂ ಅದನ್ನೇ ಕೇಳಿದ್ಳು," ಎಂದು ತನುವಿನ ಕಡೆ ಕೈ ತೋರಿಸಿದಳು. "ವಿಡಿಯೋದಲ್ಲಿ ಅವರ್ಯಾರೂ ಇಡ್ಕೊಳಲ್ವಲ್ಲಕ್ಕ, ನಾವ್ಯಾಕೆ ಅಂತ. ಅವರು ಲಂಗದಲ್ಲಿ ಆರಿಲ್ಲ ಕಣೇ ಅಂದೆ!"

ಗೋಡೆಯಾಚೆ ನಿಂತಿದ್ದ ರೇಣುಕಪ್ಪನವರಿಂದ ಚೀಲ ಇಸಿದುಕೊಂಡು, ಪೇಪರು ಬಿಚ್ಚಿ ಚೆಸ್ಟ್ ನಂಬರ್ ಕೊಟ್ಟೆ. ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು, ಮೂವತ್ತೇಳರ ಮೇಲೆ ಬೆರಳಾಡಿಸಿದಳು. ಆಮೇಲೆ ನನ್ನ ಬೆನ್ನ ಹಿಂದೆ ಬಂದು, ನನ್ನ ಬಳೆಯಲ್ಲಿದ್ದ ಎರಡು ಪಿನ್ನು ಬಿಡಿಸಿಕೊಂಡು, ಅದನ್ನು ನನ್ನ ಸ್ವೆಟರಿಗೇ ಚುಚ್ಚಿದಳು. "ಇವತ್ತು ಆರಿದ್ದು ನೀವು. ಆದ್ರೆ ಇದು ನಂದು. ಬರೋ ಭಾನ್ವಾರ ತಂದ್ಕೊಟ್ಟುಬುಡಿ. ಮೂರು ಗಂಟೆ ಅಂದ್ರೆ ಮೂರು ಗಂಟೆ."

ಐದೂಕಾಲರ ರಾಮನಗರ ಬಸ್ಸು. ಬೆಳಗಿನ ಕಂಡಕ್ಟರೇ. ಮಂಡಿ ನೋಯುತ್ತಿತ್ತು, ಅಂಗೈ ತರಚಿತ್ತು, ಇಷ್ಟು ಖುಷಿಯಾಗಿ ನಾನು ಬಸ್ಸು ಹತ್ತಿ ಎಷ್ಟೋ ವರ್ಷವಾಗಿತ್ತು. ಆತ ಟಿಕೆಟು ಹರಿಯುತ್ತ ನನ್ನ ಬೆನ್ನು ನೋಡಿದ. "ಇದ್ಯಾವ ನಂಬರ್ರಮ್ಮ?"

"ಒಬ್ಬ ಹುಡುಗೀದು. ಹದಿನೆಂಟು ವರ್ಷ ಲೇಟಾಗಿ ಕೊಟ್ಟೆ."

ಆತನಿಗೆ ಅರ್ಥವಾಗಲಿಲ್ಲ. "ಮತ್ತೆ ಪಾರ್ಕೂರು? ಕುದೂರೇ ತಾನೆ?"

"ಅಲ್ಲ ಕಣಪ್ಪ. ನಿಮ್ಮ ಮಾಗಡೀಲೇ ಐತೆ. ಬರೋ ಭಾನುವಾರ ಪಾರ್ಕೂರಿಗೆ ಒಂದು ಟಿಕೆಟ್ ಕೊಡು" ಅಂದೆ, "ಗೋಡೆ ಹತ್ರ ಸ್ಟಾಪ್."