ಪೂರ್ತಿ ಸ್ಕಾಲರ್‌ಶಿಪ್ಪಿನ ಮೂರನೇ ವರ್ಷ

ಸವಣೂರಿನಲ್ಲಿ ನಮ್ಮದು ವೀಳ್ಯದೆಲೆಯ ವ್ಯಾಪಾರ. ಪೆಂಡಿಯ ಮೇಲಿನ ಎಲೆ ನೋಡಿ ನಾವು ದರ ಮಾತಾಡುವುದಿಲ್ಲ, ನಡುವಿನದನ್ನು ಎಳೆದು ನೋಡುತ್ತೇವೆ.

ಮಗಳಿಗೆ ಎರಡು ಕಾನೂನು ಕಾಲೇಜುಗಳಲ್ಲಿ ಸೀಟು ಸಿಕ್ಕಿತ್ತು. ಒಂದರಲ್ಲಿ ಐದೂ ವರ್ಷ ಅರ್ಧ ಫೀ ಮಾಫಿ, ಉಳಿದದ್ದಕ್ಕೆ ಬ್ಯಾಂಕಿನ ಸಾಲ. ಇನ್ನೊಂದರಲ್ಲಿ ಪೂರ್ತಿ ಸ್ಕಾಲರ್‌ಶಿಪ್. ಅವಳ ಮನಸ್ಸು ಅಲ್ಲೇ ನೆಟ್ಟಿತ್ತು. ಹೆಸರು ಹಚ್ಚುವ ಮೊದಲು ಅಲ್ಲಿಗೆ ಹೋದೆವು.

“ಪ್ರತಿ ವರ್ಷ ಎಂಬತ್ತು ಪರ್ಸೆಂಟ್ ತಗೊಂಡ್ರ ಸ್ಕಾಲರ್‌ಶಿಪ್ ಮುಂದುವರೀತೈತ್ರಿ,” ಎಂದರು ಅಡ್ಮಿಶನ್ ಸಾಹೇಬರು.

“ಹಂಗಾರ ಮೂರನೇ ವರ್ಷದಾಗ ಅದು ಇನ್ನೂ ಸಿಗಾಕತ್ತಿರೋ ಒಬ್ಬರನ್ನ ಕರೀರಿ, ಮಾತಾಡೂಣು,” ಎಂದೆ.

“ಅಪ್ಪಾ, ಇದು ಎಲಿ ಪ್ಯಾಟಿ ಅಲ್ಲ!” ಮಗಳು ಮೊಣಕೈಯಿಂದ ತಿವಿದಳು.

ಸಾಹೇಬರು ಕನ್ನಡಕ ಒರೆಸಿದರು. “ಹಂಗ ಯಾರೂ ಉಳಿದಿಲ್ರಿ. ಎಲ್ಲಾರೂ ಈಗ ಪೂರ್ತಿ ಫೀ ಕಟ್ಟಿ ಓದಾಕತ್ತಾರ.”

“ನಡೀ ಅಪ್ಪಾ, ಬ್ಯಾಂಕಿಗೆ ಹೋಗೂಣು,” ಎಂದು ಮಗಳೇ ಮೊದಲು ಎದ್ದಳು. ಎಷ್ಟೆಂದು ಮೊದಲೇ ಗೊತ್ತಿರುವ ಸಾಲಕ್ಕೆ ನಾನೂ ಹೆದರುವವನಲ್ಲ.

ಸಾಹೇಬರು ಗೇಟಿನವರೆಗೂ ಹಿಂದೆ ಬಂದರು. ಮನಸ್ಸು ತಿರುಗಿಸಲು ಬಂದರೆಂದುಕೊಂಡೆ. ಅವರು ದನಿ ತಗ್ಗಿಸಿ, “ನನ್ನ ಮಗಗೂ ಕಾಲೇಜು ನೋಡಾಕತ್ತೇನ್ರಿ. ಸೋಮವಾರ ಒಂದು ಕಾಲೇಜಿಗೆ ನನ್ನ ಜೋಡಿ ಬರ್ತೀರೇನ್ರಿ?” ಎಂದರು.

ಸೋಮವಾರ ನನಗೆ ವ್ಯಾಪಾರದ ದಿನ. ಮಂಗಳವಾರ ಬರುತ್ತೇನೆ ಎಂದೆ.