ದೊಡ್ಡಪ್ಪನ ಉದ್ದದ ಚಾಪೆ

ನಮ್ಮ ದೊಡ್ಡಮ್ಮನ ಹತ್ತಿರ ಚಾಪೆ ಮಾಡಿಸಲು ಹೋದವರು ಮೊದಲು ನೆಲದ ಮೇಲೆ ಮಲಗಬೇಕಿತ್ತು. ಅಂಗಡಿಯವನಿರಲಿ, ಬ್ಯಾಂಕಿನ ಮ್ಯಾನೇಜರ್ ಇರಲಿ, ಚಪ್ಪಲಿ ಬಿಚ್ಚಿ ಸಿಮೆಂಟು ನೆಲದ ಮೇಲೆ ಅಂಗಾತ ಮಲಗಿ ಚಾವಣಿ ನೋಡುತ್ತಿರಬೇಕು. ಅವಳು ತಲೆಯ ಹತ್ತಿರ ಒಂದು, ಕಾಲಿನ ಹತ್ತಿರ ಒಂದು ಸೀಮೆಸುಣ್ಣದ ಗೆರೆ ಎಳೆದು, ಮೇಲೊಂದು ಗೇಣು ಸೇರಿಸಿಕೊಳ್ಳುತ್ತಿದ್ದಳು. "ಹೊಟ್ಟೆ ಒಳಗೆ ಎಳ್ಕೋಬೇಡಿ ಸಾರ್, ನಾನು ನೋಡ್ತಿರೋದು ಉದ್ದ" ಎಂದು ಮ್ಯಾನೇಜರಿಗೆ ಹೇಳಿದ್ದನ್ನು ನಾನೇ ಕೇಳಿದ್ದೇನೆ. ನಗು ತಡೆಯಲಾರದೆ ಒಳಗೆ ಓಡಿದ್ದೆ.

ಅವಳು ಮಗ್ಗ ಇಟ್ಟವಳಲ್ಲ. ಜೊಂಡನ್ನು ಉದ್ದಕ್ಕೆ ಒತ್ತೊತ್ತಾಗಿ ಹಾಸಿ, ಅಡ್ಡಕ್ಕೆ ಹುರಿ ಕೊಟ್ಟು ಬಿಗಿಯುವುದು ಅವಳ ಕೆಲಸ. ಚಾಪೆ ಎಷ್ಟುದ್ದವೋ ಜೊಂಡಿನ ಪ್ರತಿ ಎಳೆಯೂ ಅಷ್ಟುದ್ದ ಇರಬೇಕು. ಎರಡು ತುಂಡು ಜೋಡಿಸಿದ ಚಾಪೆಯನ್ನು ಅವಳು ಜನ್ಮದಲ್ಲಿ ಮಾಡಿರಲಿಲ್ಲ. "ಜೋಡಿಸಿದ ಕಡೆ ಬೆನ್ನಿಗೆ ಚುಚ್ಚುತ್ತೆ. ಚುಚ್ಚೋಕೆ ಮನೇಲಿ ಜನ ಇಲ್ವಾ?" ಎನ್ನುತ್ತಿದ್ದಳು. ಜಂಬ ಅಂದರೆ ಜಂಬವೇ. ಆದರೆ ಅವಳ ಚಾಪೆಯ ಮೇಲೆ ಮಲಗಿದವರು ಯಾರೂ ಅದನ್ನು ಜಂಬ ಅನ್ನಲಿಲ್ಲ.

ಜೊಂಡು ಕೊಯ್ದು ತರುತ್ತಿದ್ದವನು ದೊಡ್ಡಪ್ಪ. ಊರಲ್ಲಿ ಅವನಿಗೆ ಏಣಿ ಎಂದೇ ಹೆಸರು. ಬಾಗಿಲು ಕಂಡಲ್ಲೆಲ್ಲ ತಲೆ ತಗ್ಗಿಸಿ ತಗ್ಗಿಸಿ, ಬಯಲಲ್ಲೂ ಒಮ್ಮೊಮ್ಮೆ ತಗ್ಗಿಸಿಬಿಡುತ್ತಿದ್ದ. ಮನೆಯ ಹಿಂದಿನ ಮಣ್ಣಿನ ಒಡ್ಡು ದಾಟಿದರೆ ಜೌಗು, ಅದರಾಚೆ ಮರಳಿನ ದಿಬ್ಬ, ದಿಬ್ಬದಾಚೆ ಸಮುದ್ರ. ಆಗೆಲ್ಲ ಜೊಂಡು ಎಷ್ಟೆತ್ತರ ಬೆಳೆಯುತ್ತಿತ್ತೆಂದರೆ, ಒಳಗೆ ಹೊಕ್ಕ ಮೇಲೆ ಏಣಿಯೂ ಕಾಣುತ್ತಿರಲಿಲ್ಲ. ದೊಡ್ಡಮ್ಮ ಒಡ್ಡಿನ ಮೇಲೆ ನಿಂತು "ರೀ, ಎಲ್ಲಿದ್ದೀರಿ?" ಎಂದು ಕೂಗುವಳು. ಜೊಂಡಿನ ಮೇಲೆ ಕುಡುಗೋಲೊಂದು ಎದ್ದು ಅಲ್ಲಾಡುವುದು. ಮಾತಾಡುವ ಮನುಷ್ಯನಲ್ಲ ಅವನು. ಅಷ್ಟು ನೋಡಿಕೊಂಡು ಅವಳು ಕೆಲಸಕ್ಕೆ ಕೂರುತ್ತಿದ್ದಳು.

ಸಮುದ್ರ ಒಂದೇ ಸಲ ನುಗ್ಗಿ ಬರಲಿಲ್ಲ. ಹಾಗೆ ಬಂದಿದ್ದರೆ ಬೈಯಲಾದರೂ ಆಗುತ್ತಿತ್ತು. ಅದು ವರ್ಷ ವರ್ಷ ಸ್ವಲ್ಪ ಸ್ವಲ್ಪವೇ ಮೇಲೇರಿತು. ಉಬ್ಬರದ ನೀರು ದಿಬ್ಬ ದಾಟಿ ಜೌಗಿಗೆ ಬರತೊಡಗಿತು, ಮೊದಲು ಯಾವಾಗಲೋ ಒಮ್ಮೆ, ಆಮೇಲೆ ಹುಣ್ಣಿಮೆ ಹುಣ್ಣಿಮೆಗೂ. ಮಳೆನೀರು ಆ ಉಪ್ಪನ್ನು ತೊಳೆಯುವಷ್ಟರಲ್ಲಿ ಇನ್ನೊಂದು ಉಬ್ಬರ. ಕಪ್ಪೆಗಳ ವಟವಟ ನಿಂತಿತು. ನೈದಿಲೆಯ ಎಲೆಗಳು ಅಂಚಿನಿಂದ ಕಂದಾಗಿ ಕೊಳೆತವು. ಸಿಹಿನೀರಿನ ಸಣ್ಣ ಮೀನು ಮಾಯವಾಗಿ, ಏಡಿಗಳು ಬಂದು ಒಡ್ಡನ್ನೇ ಕೊರೆಯತೊಡಗಿದವು. ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡದ ಸಸಿಗಳು ತೇಲಿ ಬಂದು ಕೆಸರಲ್ಲಿ ಬೇರುಬಿಟ್ಟವು. ದೊಡ್ಡಮ್ಮ ಜೊಂಡಿನ ಬುಡ ಸಿಗಿದು ಅಗಿದು ನೋಡಿ, ಥೂ ಎಂದು ಉಗಿದಳು. ತಪ್ಪೆಲ್ಲ ಕಾಂಡ್ಲಾದ್ದೇ ಎಂದು ತೀರ್ಮಾನಿಸಿ ಕಂಡ ಕಂಡ ಸಸಿ ಕಿತ್ತಳು. ಜೌಗಿನ ನೀರು ಪರೀಕ್ಷಿಸಲು ಬರುತ್ತಿದ್ದ ಇಲಾಖೆಯ ಹುಡುಗಿ, "ಅಜ್ಜಿ, ಉಪ್ಪು ತಂದಿದ್ದು ಅವಲ್ಲ. ಉಪ್ಪು ಬಂದಿದ್ದಕ್ಕೆ ಅವು ಬಂದಿವೆ. ಇನ್ಮೇಲೆ ಈ ಮಣ್ಣು ಹಿಡ್ಕೊಳ್ಳೋವು ಅವೇ" ಎಂದಳು. ಹುಡುಗಿ ಹೇಳಿದ್ದು ಸರಿಯೇ. ದೊಡ್ಡಮ್ಮ ಕೇಳಿಸಿಕೊಂಡರೆ ತಾನೇ!

ಜೊಂಡು ಗಿಡ್ಡವಾಗುತ್ತಾ ಬಂತು. ಒಡ್ಡಿನ ಮೇಲಿಂದ ಮೊದಲು ದೊಡ್ಡಪ್ಪನ ತಲೆ ಕಂಡಿತು, ಆಮೇಲೆ ಹೆಗಲು. ಎಲ್ಲಿದ್ದೀರಿ ಎಂದು ಕೇಳುವ ಅಗತ್ಯವೇ ಉಳಿಯದೆ ಕೂಗು ನಿಂತುಹೋಯಿತು. ಅವಳು ಮಕ್ಕಳ ಚಾಪೆ ಮಾತ್ರ ಮಾಡತೊಡಗಿದಳು. ಉದ್ದದ ಚಾಪೆ ಕೇಳಿದವರಿಗೆ ಪ್ಲಾಸ್ಟಿಕ್ಕಿನದು ಕೊಳ್ಳಲು ಹೇಳಿ ಕಳಿಸುತ್ತಿದ್ದಳು.

ಅಷ್ಟರಲ್ಲಿ ದೊಡ್ಡಪ್ಪನದೇ ಚಾಪೆ ಹರಿದು ಜಾಲರಿಯಾಯಿತು. ಅವನಿಗೆ ಪ್ಲಾಸ್ಟಿಕ್ಕೇ? ಅವನಿಗೆ ಜೋಡಿಸಿದ ಚಾಪೆಯೇ? ದೊಡ್ಡಮ್ಮ ಜೌಗಿನ ಮೂಲೆ ಮೂಲೆ ಹುಡುಕಿ ಇದ್ದುದರಲ್ಲಿ ಉದ್ದನೆಯದನ್ನು ಆರಿಸಿ ತಂದಳು. ಏನು ಮಾಡಿದರೂ ಅವನ ಉದ್ದಕ್ಕೆ ಸಾಲದು. ಊಟ ಸೇರದೆ ಒಳಗೂ ಹೊರಗೂ ಓಡಾಡಿದಳು. ಅವಳ ಮುಖ ನೋಡಲಾರದೆ ದೊಡ್ಡಪ್ಪ ಬಾಯಿ ಬಿಟ್ಟ: "ವಯಸ್ಸಾಯ್ತಲ್ವೇನೇ, ನಾನೂ ಗಿಡ್ಡ ಆಗಿದ್ದೀನಿ. ಬೇಕಾದ್ರೆ ಅಳತೆ ತಗೋ."

ಚಳಿ ಎಂದು ಕಂಬಳಿ ಹೊದ್ದು ಮಲಗಿದ. ಒಳಗೆ ನೋಯುವ ಮಂಡಿ ಎರಡನ್ನೂ ಪಕ್ಕಕ್ಕೆ ಮಡಿಸಿದ್ದು ಬಾಗಿಲಲ್ಲಿದ್ದ ನನಗೆ ಕಂಡಿತು. ಸುಮ್ಮನಿರು ಎಂದು ನನಗೆ ಕಣ್ಸನ್ನೆ ಮಾಡಿದ. ಊರಿಗೆಲ್ಲ ಅಳತೆ ತೆಗೆದವಳಿಗೆ ಅದು ತಿಳಿಯಲಿಲ್ಲವೇ? ಅವಳಿಗೆ ನಂಬುವ ಆಸೆ ಇತ್ತು, ನಂಬಿದಳು. ಚಾಪೆ ಮುಗಿದ ದಿನ ಅದನ್ನು ಹೆಗಲ ಮೇಲೆ ಹಾಕಿಕೊಂಡು ಬೀದಿಗೆಲ್ಲ ತೋರಿಸಿ ಬಂದಳು. ಒಂದೂ ಜೋಡಣೆ ಇಲ್ಲ, ನೋಡಿ!

ಒಂದು ಮಧ್ಯಾಹ್ನ ನಾನೂ ದೊಡ್ಡಮ್ಮನೂ ಜೌಗಿಗೆ ಹೊರಟವರು, ಮರೆತ ಹಗ್ಗಕ್ಕಾಗಿ ಅರ್ಧ ದಾರಿಯಿಂದ ಹಿಂದಿರುಗಿದೆವು. ದೊಡ್ಡಪ್ಪ ಜಗಲಿಯಲ್ಲಿ ಮಲಗಿದ್ದ. ನಿದ್ದೆಯಲ್ಲಿ ಸುಳ್ಳು ಹೇಳಲು ಬರುತ್ತದೆಯೇ? ಮಂಡಿ ನೋವಿನ ಆ ಉದ್ದನೆಯ ಕಾಲು ಚಾಪೆ ಮುಗಿದ ಮೇಲೂ ಮುಗಿಯದೆ ಬರೀ ಸಿಮೆಂಟಿನ ಮೇಲೆ ಚಾಚಿಕೊಂಡಿತ್ತು. ದೊಡ್ಡಮ್ಮ ಕೂತು ಅವನ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದಳು. ತಣ್ಣಗಿತ್ತು. ಅವಳು ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು, ನನಗೂ ತಡೆಯಲಾಗಲಿಲ್ಲ.

ಎಚ್ಚರವಾದವನು ಗಡಬಡಿಸಿ ಕಾಲು ಮಡಿಸಿಕೊಂಡ.

"ಸಾಕು ಬಿಡಿ, ಕಾಲು ಚಾಚಿ" ಎಂದಳು ದೊಡ್ಡಮ್ಮ.

"ನೆಲ ಬೆಚ್ಚಗಿದೆ ಕಣೆ."

"ಸುಳ್ಳು ಹೇಳೋಕೆ ಬರಲ್ಲ ನಿಮಗೆ, ಯಾಕೆ ಹೇಳ್ತೀರಿ?"

ಅಂದೇ ಚಾಪೆಯ ಕೊನೆಯ ಹುರಿ ಬಿಚ್ಚಿ, ತುಂಡು ಜೊಂಡು ಸೇರಿಸಿ ಕಟ್ಟಲು ಕೂತಳು. ಬೆನ್ನಿಗೆ ತಾಗದಂತೆ ಜೋಡಣೆ ಮೊಣಕಾಲಿನ ಕೆಳಗೆ ಬರುವ ಹಾಗೆ ನೋಡಿಕೊಂಡಳು. ಬಿಗಿದು ಮುಗಿಸಿ, "ನೋಡೋಕೆ ಚೆನ್ನಾಗಿಲ್ಲ" ಎಂದಳು. ದೊಡ್ಡಪ್ಪ ಅದರ ಮೇಲೆ ಮಲಗಿ, ಕಾಲು ಪೂರ್ತಿ ಚಾಚಿ, "ಚುಚ್ಚಲ್ಲ" ಎಂದ.

ಮರುದಿನ ಅವನು ಕೊಯ್ಯಲು ಇಳಿದಾಗ ನಾವು ಒಡ್ಡಿನ ಮೇಲಿದ್ದೆವು. ಒಡ್ಡಿನ ಬುಡದಲ್ಲಿ ಕಾಂಡ್ಲಾ ಸಸಿಯೊಂದು ಚಿಗುರಿತ್ತು. ಕೀಳಲು ಬಗ್ಗಿದವಳು ಕೈ ಹಿಂದೆ ತೆಗೆದಳು. "ಇರ್ಲಿ, ಒಡ್ಡಾದ್ರೂ ಉಳೀಲಿ." ಜೊಂಡು ಈಗ ದೊಡ್ಡಪ್ಪನ ಸೊಂಟದವರೆಗೆ ಮಾತ್ರ. ಅವನು ನಿಂತಿದ್ದು ಇಡೀ ಊರಿಗೇ ಕಾಣುತ್ತಿತ್ತು. ಅವಳು ಅವನನ್ನೇ ನೋಡುತ್ತಾ ನಿಂತು, ಎಷ್ಟೋ ವರ್ಷದ ಮೇಲೆ ಕೂಗಿದಳು.

"ರೀ, ಎಲ್ಲಿದ್ದೀರಿ?"

ದೊಡ್ಡಪ್ಪ ತಿರುಗಿ ನೋಡಿದ. ಆಮೇಲೆ ಮೊಣಕಾಲಿನ ಮೇಲೆ ಕೈಯೂರಿ, ನಿಧಾನವಾಗಿ ಕುಕ್ಕರಗಾಲಲ್ಲಿ ಕೂತು, ಜೊಂಡಿನೊಳಗೆ ಪೂರ್ತಿ ಮರೆಯಾದ. ಮೇಲೆ ಕುಡುಗೋಲೊಂದು ಎದ್ದು ಅಲ್ಲಾಡಿತು.

"ಮಂಡಿ ನೋವು ಅಂತೀರಿ, ಏಳಿ ಮೇಲೆ!" ಎಂದು ದೊಡ್ಡಮ್ಮ ಕಣ್ಣೊರೆಸಿಕೊಳ್ಳುತ್ತಾ ಗದರಿದಳು. ಕುಡುಗೋಲು ಇನ್ನೂ ಸ್ವಲ್ಪ ಹೊತ್ತು ಅಲ್ಲಾಡುತ್ತಲೇ ಇತ್ತು.